ಜಕಣಾಚಾರಿಗೊಂದು ಪುಟ, ಮಲ್ಲಿತಮ್ಮನಿಗೊಂದು ಸಾಲು

ಹಳೇಬೀಡಿನಿಂದ ಜಾವಗಲ್ಲಿಗೆ ಹೋಗುವ ಬಸ್ಸಿನಲ್ಲಿ ಜಕಣಾಚಾರಿ ಯಾರು ಎಂದು ಕೇಳಿ ನೋಡಿ. ಶಾಲೆಗೆ ಹೋಗುವ ಹುಡುಗನಿಂದ ಹಿಡಿದು ಕೊಬ್ಬರಿ ಚೀಲವನ್ನು ಕಾಲಡಿ ಇಟ್ಟುಕೊಂಡು ಕೂತ ಯಜಮಾನರವರೆಗೆ ಎಲ್ಲರಿಗೂ ಗೊತ್ತು. ಕೆಲವರು ಕಪ್ಪೆಯ ಕಥೆಯನ್ನು ಪೂರ್ತಿ ಹೇಳಿ ಮುಗಿಸದೆ ನಿಮ್ಮನ್ನು ಇಳಿಯಲು ಬಿಡುವುದಿಲ್ಲ. ಅದೇ ಬಸ್ಸಿನಲ್ಲಿ ಮಲ್ಲಿತಮ್ಮ ಯಾರು ಎಂದು ಕೇಳಿದರೆ, ‘ಯಾವೂರ ಹೆಣ್ಣುಮಗಳು ಸ್ವಾಮಿ?’ ಎಂಬ ಮರುಪ್ರಶ್ನೆ ಬಂದೀತು. ಮಲ್ಲಿತಮ್ಮ ಹೆಂಗಸಲ್ಲ. ಹೊಯ್ಸಳರ ಕಾಲದ ರೂವಾರಿ, ತಾನು ಕಡೆದ ಮೂರ್ತಿಗಳ ಪೀಠದ ಮೇಲೆ ಹೆಸರು ಕೆತ್ತಿ ಹೋದವನು. ಜಾವಗಲ್ಲಿನ ಲಕ್ಷ್ಮೀನರಸಿಂಹ ದೇಗುಲದ ಗೋಡೆಯ ಮೂರ್ತಿಗಳಲ್ಲೂ ವಿದ್ವಾಂಸರು ಅವನ ಕೈಯನ್ನು ಗುರುತಿಸಿದ್ದಾರೆ. ಜಕಣಾಚಾರಿಯಾದರೋ ಬೇಲೂರು ಹಳೇಬೀಡುಗಳ ಯಾವ ಮೂರ್ತಿಯ ಕೆಳಗೂ ಹೆಸರು ಬರೆದಿಲ್ಲ. ಅಂಥವನೊಬ್ಬ ಇದ್ದನೆನ್ನಲು ಅಲ್ಲಿನ ಶಾಸನಗಳು ಸಾಕ್ಷಿ ನುಡಿಯುವುದಿಲ್ಲ.

ಇವರಿಬ್ಬರಲ್ಲಿ ಯಾರಿಗೆ ವಿಶ್ವಕೋಶದಲ್ಲಿ ಸ್ವಂತದ್ದೊಂದು ಲೇಖನ ಸಲ್ಲಬೇಕು? ಬದುಕಿದ್ದವನಿಗೆ ಸಲ್ಲಲಿ, ಕಟ್ಟುಕಥೆಯವನಿಗೆ ಯಾಕೆ ಎಂದು ಥಟ್ಟನೆ ಹೇಳಿಬಿಡಬಹುದು. ನನಗೆ ಆ ಉತ್ತರ ಒಪ್ಪಿಗೆಯಿಲ್ಲ. ಜಕಣಾಚಾರಿಗೆ ಪುಟ ಬೇಕು, ಅದೂ ದೊಡ್ಡದೇ ಬೇಕು. ಆದರೆ ಆ ಪುಟವನ್ನು ಜೀವನಚರಿತ್ರೆಯಂತೆ ಬರೆಯಬಾರದು. ಈ ಮಾತನ್ನು ಒಪ್ಪಿಸಬೇಕಾದರೆ ಕಥೆಯಿಂದಲೇ ಶುರು ಮಾಡಬೇಕು.

ತುಮಕೂರಿನ ಹತ್ತಿರದ ಕ್ರೀಡಾಪುರದಲ್ಲಿ ಹುಟ್ಟಿದ ಶಿಲ್ಪಿ ಹೊಸದಾಗಿ ಮದುವೆಯಾದ ಹೆಂಡತಿಯನ್ನು ಬಿಟ್ಟು ಉಳಿಯ ಹಿಂದೆ ಹೊರಟುಬಿಡುತ್ತಾನೆ. ರಾಜಾಸ್ಥಾನಗಳನ್ನು ಸುತ್ತಿ ಕೊನೆಗೆ ಬೇಲೂರಿಗೆ ಬಂದು ವಿಷ್ಣುವರ್ಧನನಿಗಾಗಿ ದೇವಾಲಯ ಕಟ್ಟುತ್ತಾನೆ. ಇತ್ತ ಅವನು ನೋಡದೆಯೇ ಬೆಳೆದ ಮಗ ಡಂಕಣ ಅಪ್ಪನನ್ನು ಹುಡುಕಿಕೊಂಡು ಬರುತ್ತಾನೆ. ಪ್ರತಿಷ್ಠೆಗೆ ಸಿದ್ಧವಾದ ಮೂರ್ತಿಯನ್ನು ನೋಡಿ, ಇದರಲ್ಲಿ ದೋಷವಿದೆ ಎನ್ನುತ್ತಾನೆ. ದೋಷ ತೋರಿಸಿದರೆ ಬಲಗೈ ಕತ್ತರಿಸಿಕೊಳ್ಳುತ್ತೇನೆಂದು ಜಕಣಾಚಾರಿ ಪಣ ತೊಡುತ್ತಾನೆ. ಮೂರ್ತಿಗೆಲ್ಲ ಗಂಧ ಬಳಿಯುತ್ತಾರೆ. ಎಲ್ಲ ಕಡೆ ಒಣಗಿದ ಗಂಧ ಹೊಕ್ಕುಳ ಸುತ್ತ ಮಾತ್ರ ಹಸಿಯಾಗಿಯೇ ಉಳಿಯುತ್ತದೆ. ಅಲ್ಲಿ ಉಳಿ ತಾಗಿಸಿದರೆ ನೀರು, ಮರಳು, ಜೊತೆಗೆ ಜೀವಂತ ಕಪ್ಪೆ. ಅಪ್ಪ ಮಾತಿನಂತೆ ಕೈ ಕಡಿದುಕೊಳ್ಳುತ್ತಾನೆ. ಆಮೇಲೆ ತಂದೆ ಮಕ್ಕಳ ಗುರುತು ಸಿಗುತ್ತದೆ. ಹುಟ್ಟೂರಿಗೆ ಮರಳಿ ಚೆನ್ನಕೇಶವನ ಗುಡಿ ಕಟ್ಟಿದಾಗ ದೇವರು ಕೈ ಕೊಡುತ್ತಾನೆ, ಊರು ಕೈದಾಳವಾಗುತ್ತದೆ.

ಕೈದಾಳ ಇವತ್ತಿಗೂ ಇದೆ, ಗೂಳೂರಿನ ಬಳಿ. ಚೆನ್ನಕೇಶವನೂ ಇದ್ದಾನೆ. ಅಲ್ಲಿನ ಶಾಸನವೊಂದು ಮಾತ್ರ ಬೇರೆಯ ಹೆಸರು ಹೇಳುತ್ತದೆ. 1150ರ ಸುಮಾರಿಗೆ ಆ ಊರಲ್ಲಿ ದೇಗುಲಗಳನ್ನು ಕಟ್ಟಿಸಿದವನು ಬಾಚಿ ಎಂಬ ಸಾಮಂತ. ಬೇಲೂರಿನಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿಯೂ ಇದೆ. ಮಾರ್ಗದರ್ಶಿಗಳು ಮೂರ್ತಿಯ ಹೊಟ್ಟೆಯತ್ತ ಬೆರಳು ಮಾಡಿ ಕಥೆ ಮುಗಿಸುತ್ತಾರೆ. ಆ ಗುಡಿಯನ್ನು ಕಟ್ಟಿಸಿದವಳು ವಿಷ್ಣುವರ್ಧನನ ರಾಣಿ ಶಾಂತಲೆ. ಹೀಗೆ ಕಥೆಯ ಪ್ರತಿ ಮೆಟ್ಟಿಲ ಕೆಳಗೂ ಒಂದು ಗಟ್ಟಿ ಕಲ್ಲಿದೆ, ಮೆಟ್ಟಿಲ ಮೇಲೆ ನಡೆದವನ ಹೆಜ್ಜೆಗುರುತು ಮಾತ್ರ ಇಲ್ಲ.

ಶಿಲ್ಪಿಗಳು ಹೆಸರು ಬರೆಯುವ ಪದ್ಧತಿಯೇ ಇರಲಿಲ್ಲ ಎಂದಾಗಿದ್ದರೆ ಜಕಣಾಚಾರಿಯ ಮೌನಕ್ಕೆ ಅಷ್ಟು ಅರ್ಥ ಬರುತ್ತಿರಲಿಲ್ಲ. ಹೊಯ್ಸಳ ಶಿಲ್ಪಿಗಳ ವಿಷಯದಲ್ಲಿ ನಡೆದದ್ದು ತದ್ವಿರುದ್ಧ. ಭಾರತದ ಬೇರೆ ಕಡೆಯ ದೇಗುಲಗಳಲ್ಲಿ ಕೈಕೆಲಸದವನ ಹೆಸರು ಸಿಗುವುದೇ ಅಪರೂಪ ಎಂಬ ಸ್ಥಿತಿಯಿರುವಾಗ, ಇಲ್ಲಿನವರು ಹೆಸರು, ಊರು, ಅಪ್ಪನ ಹೆಸರು, ಸಾಲದ್ದಕ್ಕೆ ಎದುರಾಳಿ ಶಿಲ್ಪಿಗಳನ್ನು ಸೋಲಿಸಿದವನೆಂಬ ಬಿರುದನ್ನೂ ಕೆತ್ತಿಕೊಂಡರು. ಬೇಲೂರಿನ ಮದನಿಕೆಗಳ ಕೆಳಗೆ ಬಳ್ಳಿಗಾವಿಯ ದಾಸೋಜನಿದ್ದಾನೆ, ಅವನ ಮಗ ಚಾವಣನಿದ್ದಾನೆ. ಶಾಸನ ಒಪ್ಪುವ ತಂದೆ ಮಕ್ಕಳ ಜೋಡಿ ಅಲ್ಲೇ ಇದೆ ಎಂಬುದನ್ನು ಗಮನಿಸಿ. ಇಬ್ಬರೂ ಕೂಡಿ ಕೆಲಸ ಮಾಡಿದರು, ಯಾರೂ ಕೈ ಕಡಿದುಕೊಳ್ಳಲಿಲ್ಲ, ಆದ್ದರಿಂದಲೇ ಏನೋ ಯಾರ ನೆನಪಿನಲ್ಲೂ ಉಳಿಯಲಿಲ್ಲ. ಹಳೇಬೀಡಿನ ಹೊಯ್ಸಳೇಶ್ವರದ ದಕ್ಷಿಣ ಬಾಗಿಲಿನ ಶಾಸನ ಕೇದಾರೋಜ, ಕಾಳಿದಾಸಿ ಎಂಬ ಹೆಸರುಗಳನ್ನು ಹೇಳುತ್ತದೆ. ನುಗ್ಗೇಹಳ್ಳಿಯಲ್ಲಿ ಬೈಚೋಜ ಮತ್ತು ಮಲ್ಲಿತಮ್ಮ ಗೋಡೆಗಳನ್ನು ಹಂಚಿಕೊಂಡಂತೆ ಕೆಲಸ ಮಾಡಿದ್ದಾರೆ. ದಕ್ಷಿಣಕ್ಕೆ ಒಬ್ಬ, ಉತ್ತರಕ್ಕೆ ಇನ್ನೊಬ್ಬ.

ಈ ಹೆಸರುಗಳನ್ನು ಓದಿ ಲೋಕಕ್ಕೆ ಕೊಟ್ಟವರು ಬಿ.ಎಲ್. ರೈಸ್ ಮತ್ತು ಆರ್. ನರಸಿಂಹಾಚಾರ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಾಸನ ಸಂಪುಟ ಬಂದದ್ದು 1902ರಲ್ಲಿ. ಮೈಸೂರು ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ನರಸಿಂಹಾಚಾರ್ 1917ರಲ್ಲಿ ಸೋಮನಾಥಪುರದ ಬಗ್ಗೆ, 1919ರಲ್ಲಿ ಬೇಲೂರಿನ ಬಗ್ಗೆ ಪುಸ್ತಕ ಬರೆದರು. ಮುಂದೆ ಷ. ಶೆಟ್ಟರ್ ಹೊಯ್ಸಳ ಶಿಲ್ಪಿಗಳ ಸಹಿಗಳನ್ನೇ ಹಿಡಿದು ಅವರ ಊರು, ವೃತ್ತಿ, ಒಡನಾಟಗಳನ್ನು ಬಿಡಿಸಿ ನೋಡಿದರು.

ಇನ್ನೊಂದು ಕಡೆಯಿಂದಲೂ ಜಕಣಾಚಾರಿಯ ಮೇಲೆ ಅನುಮಾನ ಬರುತ್ತದೆ. ಅವನು ತುಂಬಾ ಕಡೆ ಇದ್ದಾನೆ! ಧಾರವಾಡ, ಗದಗಿನ ಕಡೆ ಹಳೆಯ ಕಲ್ಲುಗುಡಿ ಕಂಡರೆ ಅದು ಜಕಣಾಚಾರಿ ಕಟ್ಟಿದ್ದು ಎನ್ನುತ್ತಾರೆ. ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವಿನ ಬಗ್ಗೆ 1926ರಲ್ಲಿ ಗ್ರಂಥ ಪ್ರಕಟಿಸಿದ ಹೆನ್ರಿ ಕಸಿನ್ಸ್ ಇದನ್ನು ಗುರುತಿಸಿದ್ದರು. ಮಹಾರಾಷ್ಟ್ರದಲ್ಲಿ ಹಳೆಯ ದೇಗುಲಗಳನ್ನೆಲ್ಲ ಯಾದವರ ಮಂತ್ರಿ ಹೇಮಾದ್ರಿಯ ಲೆಕ್ಕಕ್ಕೆ ಬರೆದು ಹೇಮಾಡಪಂತಿ ಎಂದು ಕರೆಯುತ್ತಾರಲ್ಲ, ಹಾಗೆಯೇ ಇದು. ವ್ಯತ್ಯಾಸವೆಂದರೆ ಹೇಮಾದ್ರಿ ನಿಜವಾಗಿ ಬದುಕಿದ್ದ. ಲಕ್ಕುಂಡಿಯಿಂದ ಹಳೇಬೀಡಿನವರೆಗೆ, ಚಾಲುಕ್ಯರಿಂದ ಹೊಯ್ಸಳರವರೆಗೆ ಜಕಣಾಚಾರಿ ಒಬ್ಬನೇ ಕಟ್ಟಬೇಕಾದರೆ ಅವನಿಗೆ ಮೂರು ಆಯುಸ್ಸು ಬೇಕಾಗುತ್ತಿತ್ತು.

ಹಾಗಾದರೆ ಅವನನ್ನು ವಿಶ್ವಕೋಶದಿಂದ ತೆಗೆದುಹಾಕೋಣವೇ? ಇಲ್ಲಿ ವಿಕಿಪೀಡಿಯದವರ ಅನುಭವ ನೆರವಿಗೆ ಬರುತ್ತದೆ. ಇಂಗ್ಲಿಷ್ ವಿಕಿಪೀಡಿಯ 2001ರಲ್ಲಿ ಶುರುವಾದಾಗ ಜಾಗದ ಚಿಂತೆಯಿರಲಿಲ್ಲ. ಕಾಗದ, ಮಸಿ, ಬೈಂಡಿಂಗ್ ಯಾವುದೂ ಬೇಡವಲ್ಲ. ಮಕ್ಕಳ ಆಟದ ಪೋಕೆಮಾನ್ ಪ್ರಾಣಿಗಳಿಗೆ ಒಂದೊಂದಕ್ಕೂ ಒಂದೊಂದು ಪುಟ ಬಂತು. 2008ರ ಮಾರ್ಚ್‌ನಲ್ಲಿ ‘ದಿ ಎಕನಾಮಿಸ್ಟ್’ ಪತ್ರಿಕೆ ಇದನ್ನು ಎತ್ತಿ ಆಡಿತು. ಪೋಕೆಮಾನ್‌ಗಳಿಗೆ ಸುಮಾರು 500 ಲೇಖನಗಳಿವೆ, ಪೋಲೆಂಡಿನ ಸರ್ವಾಧಿಕಾರವನ್ನು ಅಲುಗಾಡಿಸಿದ ಸಾಲಿಡಾರಿಟಿ ಚಳವಳಿಯ ನಾಯಕರಿಗೆ ಹನ್ನೆರಡಕ್ಕಿಂತ ಹೆಚ್ಚಿಲ್ಲ ಎಂದು. ಆ ಹೊತ್ತಿಗಾಗಲೇ ವಿಕಿಪೀಡಿಯದೊಳಗೆ ದೊಡ್ಡ ಜಟಾಪಟಿ ನಡೆದಿತ್ತು. ಬಹುಪಾಲು ಪೋಕೆಮಾನ್‌ಗಳನ್ನು ಸ್ವಂತ ಪುಟದಿಂದ ಇಳಿಸಿ ಪಟ್ಟಿಗಳಲ್ಲಿ ಕೂರಿಸಿದರು. ಕಲ್ಪಿತ ಪಾತ್ರಗಳಿಗೆಂದೇ ಪ್ರತ್ಯೇಕ ನಿಯಮ ಮಾಡಲು ಹೊರಟವರು ಒಮ್ಮತಕ್ಕೆ ಬರಲಾಗದೆ ಕೈಬಿಟ್ಟರು.

ಕೊನೆಗೆ ಉಳಿದದ್ದು ಎಲ್ಲ ವಿಷಯಕ್ಕೂ ಅನ್ವಯಿಸುವ ಸಾಮಾನ್ಯ ನಿಯಮವೇ. ಕನ್ನಡ ವಿಕಿಪೀಡಿಯದವರು ಅದನ್ನು ಗಮನಾರ್ಹತೆ ಎನ್ನುತ್ತಾರೆ. ವಿಷಯಕ್ಕೆ ಸಂಬಂಧಪಡದ ಮೂರನೆಯವರು, ನಂಬಬಹುದಾದ ಕಡೆ, ಒಂದು ಸಾಲಿನ ಪ್ರಸ್ತಾಪಕ್ಕಿಂತ ಹೆಚ್ಚಾಗಿ ಬರೆದಿದ್ದಾರೆಯೇ ಎಂದು ನೋಡುವುದು. ಕಾದಂಬರಿಯ ಪಾತ್ರವಾದರೆ ಆ ಕಾದಂಬರಿ ಲೆಕ್ಕಕ್ಕಿಲ್ಲ, ಅದನ್ನು ಬರೆದವರ ಮಾತೂ ಅಷ್ಟಾಗಿ ಲೆಕ್ಕಕ್ಕಿಲ್ಲ. ಪಾತ್ರದ ಹುಟ್ಟು, ಮದುವೆ, ಸಾವುಗಳನ್ನು ಕಥೆಯೊಳಗಿನಿಂದಲೇ ಎತ್ತಿ ಬರೆದರೆ ಅದು ಕಥಾಸಾರ ಆಗುತ್ತದೆ, ಕಥೆಯ ಪುಟದಲ್ಲೇ ಅದಕ್ಕೆ ಜಾಗವಿದೆ. ಪಾತ್ರ ಕಥೆಯಿಂದ ಹೊರಗೆ ಬಂದು ಏನಾದರೂ ಮಾಡಿದೆಯೇ, ಅದನ್ನು ಯಾರಾದರೂ ದಾಖಲಿಸಿದ್ದಾರೆಯೇ ಎಂಬುದೇ ಪ್ರಶ್ನೆ. ಅಗಾಥಾ ಕ್ರಿಸ್ಟಿಯ ಪತ್ತೇದಾರ ಹರ್ಕ್ಯೂಲ್ ಪೊಯಿರೊ ಕಾದಂಬರಿಯಲ್ಲಿ ಸತ್ತಾಗ ‘ನ್ಯೂಯಾರ್ಕ್ ಟೈಮ್ಸ್’ 1975ರ ಆಗಸ್ಟ್ 6ರಂದು ಮುಖಪುಟದಲ್ಲಿ ಮರಣವಾರ್ತೆ ಹಾಕಿತು. ಅಷ್ಟು ದೂರ ನಡೆದು ಬಂದ ಪಾತ್ರಕ್ಕೆ ಪುಟ ಬೇಡವೆನ್ನಲು ಯಾರಿಗೆ ಬಾಯಿ ಬಂದೀತು.

ಈ ಒರೆಗಲ್ಲಿಗೆ ತಿಕ್ಕಿದರೆ ಜಕಣಾಚಾರಿ ಅಪ್ಪಟ. ಬಿ.ಎಸ್. ರಂಗಾ ನಿರ್ದೇಶನದಲ್ಲಿ ಕಲ್ಯಾಣಕುಮಾರ್ ಮತ್ತು ಬಿ. ಸರೋಜಾದೇವಿ ನಟಿಸಿದ ‘ಅಮರಶಿಲ್ಪಿ ಜಕಣಾಚಾರಿ’ 1964ರಲ್ಲಿ ಬಂತು. ಪೂರ್ತಿ ಬಣ್ಣದಲ್ಲಿ ಬಂದ ಮೊದಲ ಕನ್ನಡ ಚಿತ್ರ ಅದು. ಅದೇ ಕಥೆ ಅಕ್ಕಿನೇನಿ ನಾಗೇಶ್ವರರಾವ್ ಅವರನ್ನಿಟ್ಟುಕೊಂಡು ತೆಲುಗಿನಲ್ಲೂ ಬಂತು. ಚೆನ್ನಿಗರಾಯನ ಮೈಮೇಲೆ ಒಣಗುವ ಗಂಧವನ್ನು ನಾಡಿನ ತುಂಬ ಜನ ಬಣ್ಣದಲ್ಲಿ ಕಂಡರು. ಸಿ.ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ ಕಾದಂಬರಿಯಲ್ಲಿ ಅವನು ಸ್ಥಪತಿಯಾಗಿ ಓಡಾಡುತ್ತಾನೆ. ಆ ಕಾದಂಬರಿಗೆ ಮೂರ್ತಿದೇವಿ ಪ್ರಶಸ್ತಿ ಬಂತು. ರಾಜ್ಯ ಸರ್ಕಾರ ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿ ಜಕಣಾಚಾರಿಯ ಹೆಸರಿನಲ್ಲಿದೆ. ಈಚಿನ ವರ್ಷಗಳಲ್ಲಿ ಜನವರಿ 1 ಅವನ ಸಂಸ್ಮರಣಾ ದಿನ, ಸರ್ಕಾರಿ ಕಚೇರಿಗಳಲ್ಲಿ ಹಾರ ಹಾಕಿ ಆಚರಿಸುತ್ತಾರೆ. ಹುಟ್ಟಿದ ದಿನವಾಗಲಿ ಸತ್ತ ದಿನವಾಗಲಿ ಇಲ್ಲದವನಿಗೆ ಸ್ಮರಣೆಯ ದಿನವಿರುವುದನ್ನು ನೋಡಿ ನಗುವವರುಂಟು. ನಾನು ನಗಲಾರೆ. ಉಳಿ ಹಿಡಿದು ಬದುಕುವ ಜನಕ್ಕೆ ತಮ್ಮ ಕಸುಬಿನ ಹಿರಿಮೆಯನ್ನು ಒಬ್ಬ ಮನುಷ್ಯನ ಮುಖದಲ್ಲಿ ಕಾಣುವ ಆಸೆ ಇರುವುದು ಸಹಜ. ಆ ಆಸೆಯೇ ಒಂದು ಚಾರಿತ್ರಿಕ ಸಂಗತಿ, ವಿಶ್ವಕೋಶದಲ್ಲಿ ದಾಖಲಾಗಬೇಕಾದ ಸಂಗತಿ.

ಆದ್ದರಿಂದ ಪುಟ ಬೇಕು. ತೊಡಕು ಇರುವುದು ಮೊದಲ ವಾಕ್ಯದಲ್ಲಿ. ‘ಜಕಣಾಚಾರಿ ಹನ್ನೆರಡನೇ ಶತಮಾನದ ಪ್ರಸಿದ್ಧ ಶಿಲ್ಪಿ’ ಎಂದು ಶುರುವಾದರೆ ಆ ಲೇಖನ ಅಲ್ಲಿಗೇ ಕೆಟ್ಟಿತು. ಆಮೇಲೆ ಎಂಟನೇ ಪ್ಯಾರಾದಲ್ಲಿ ‘ಕೆಲವು ವಿದ್ವಾಂಸರ ಪ್ರಕಾರ’ ಎಂದು ಸೇರಿಸಿದರೂ ಓದುಗ ಅಲ್ಲಿಯವರೆಗೆ ಬರುವುದಿಲ್ಲ. ಶಾಲಾ ಪ್ರಬಂಧಕ್ಕೆ, ಪ್ರವಾಸಿ ಕೈಪಿಡಿಗೆ, ರಸಪ್ರಶ್ನೆಗೆ ಹೋಗುವುದು ಮೊದಲ ವಾಕ್ಯ ಮಾತ್ರ. ‘ಜಕಣಾಚಾರಿ ಕರ್ನಾಟಕದ ಐತಿಹ್ಯಗಳಲ್ಲಿ ಬರುವ ಶಿಲ್ಪಿ, ಹೊಯ್ಸಳ ಮತ್ತು ಚಾಲುಕ್ಯ ದೇಗುಲಗಳನ್ನು ಜನ ಅವನ ಹೆಸರಿಗೆ ಸೇರಿಸುತ್ತಾರೆ’ ಎಂದು ಬರೆದರೆ ಯಾರ ಭಕ್ತಿಗೂ ಧಕ್ಕೆಯಿಲ್ಲ, ಸುಳ್ಳೂ ಇಲ್ಲ. ಅಲ್ಲಿಂದ ಮುಂದೆ ಕಥೆಯ ಪಾಠಾಂತರಗಳು, ಅವು ಯಾವ ಊರಲ್ಲಿ ಹೇಗೆ ತಿರುಗುತ್ತವೆ, ಸಿನಿಮಾ ಅದಕ್ಕೆ ಏನು ಸೇರಿಸಿತು, ಸರ್ಕಾರ ಯಾವಾಗ ಕೈ ಹಾಕಿತು ಎಲ್ಲ ಬರಲಿ.

ಡಂಕಣಾಚಾರಿಗೆ? ಬೇಡ. ಅವನ ಸಂಗತಿಯೆಲ್ಲ ಅಪ್ಪನ ಕಥೆಯ ಒಂದು ತಿರುವಿನಲ್ಲಿ ಮುಗಿಯುತ್ತದೆ. ಅಪ್ಪನನ್ನು ಬಿಟ್ಟು ಅವನ ಬಗ್ಗೆ ಹೇಳಲು ಒಂದು ಸಾಲೂ ಇಲ್ಲ. ಅವನ ಹೆಸರು ಹುಡುಕಿದವರನ್ನು ಅಪ್ಪನ ಪುಟಕ್ಕೆ ಕಳಿಸಿದರಾಯಿತು, ಹೇಗೂ ಅವನು ಹುಡುಕುತ್ತಿದ್ದುದು ಅಪ್ಪನನ್ನೇ. ಕಪ್ಪೆಗೆ ಕಪ್ಪೆ ಚೆನ್ನಿಗರಾಯನ ಗುಡಿಯ ಪುಟದಲ್ಲಿ ಒಂದು ಪ್ಯಾರಾ ಸಾಕು.

ಸಳನ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ಬೇಲೂರು ಹಳೇಬೀಡುಗಳ ಬಾಗಿಲಲ್ಲಿ ಹುಲಿಯ ಎದುರು ನಿಂತ ಯುವಕನ ವಿಗ್ರಹವನ್ನು ನೋಡದವರಿಲ್ಲ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಊರಲ್ಲಿ, ವಾಸಂತಿಕಾ ದೇವಿಯ ಗುಡಿಯ ಬಳಿ, ಸುದತ್ತ ಮುನಿ ಹೇಳಿದಂತೆ ಹುಲಿಯನ್ನು ಹೊಡೆದು ಹೊಯ್ಸಳ ರಾಜವಂಶಕ್ಕೆ ಮೂಲನಾದವನು ಸಳ. ಅವನೂ ಚರಿತ್ರೆಗೆ ಸಿಗುವವನಲ್ಲ. ಕಥೆ ಮೊದಲು ಕಾಣಿಸುವುದು 1117ರ ಬೇಲೂರು ಶಾಸನದಲ್ಲಿ, ಅಂದರೆ ವಂಶ ಸಾಕಷ್ಟು ಬೆಳೆದ ಮೇಲೆ. ಅದಕ್ಕೆ ಸ್ವಲ್ಪವೇ ಮುಂಚೆ ವಿಷ್ಣುವರ್ಧನ ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ್ದ. ಚೋಳರ ಲಾಂಛನ ಹುಲಿ. ಹುಲಿಯನ್ನು ಇರಿಯುವ ಲಾಂಛನ ಆ ಗೆಲುವಿನಿಂದ ಹುಟ್ಟಿತೆಂದು ಕೆಲವು ಇತಿಹಾಸಕಾರರ ಊಹೆ. ಇಷ್ಟಾದರೂ ಸಳನಿಗೆ ಪುಟ ಬೇಕೇ ಎಂದು ಯಾರೂ ಕೇಳುವುದಿಲ್ಲ. ಕಾರಣ ಜಕಣಾಚಾರಿಗಿಂತ ಅವನು ಹೆಚ್ಚು ನಿಜ ಎಂದಲ್ಲ. ಅವನ ಕಥೆಯನ್ನು ಒಂದು ರಾಜವಂಶ ತಾನೇ ಕಲ್ಲಿನಲ್ಲಿ ಬರೆಸಿತು, ಅದನ್ನು ಯಾಕೆ ಬರೆಸಿತು ಎಂದು ವಿದ್ವಾಂಸರು ನೂರು ವರ್ಷ ಚರ್ಚಿಸಿದರು. ಅರಮನೆ ಕಟ್ಟಿದ ಕಥೆಗೆ ಸಿಗುವ ಮರ್ಯಾದೆ ಜನ ಕಟ್ಟಿದ ಕಥೆಗೂ ಸಿಗಬೇಕು ಎಂದು ಕೇಳುವುದು ತಪ್ಪಲ್ಲವಷ್ಟೆ.

ನಿಜವಾಗಿ ಬದುಕಿದ್ದೂ ಕಥೆಯಾದವರ ಪಾಡು ಇನ್ನೂ ಕಷ್ಟದ್ದು. ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಮಕ್ಕಳಿಲ್ಲದ ಕೊರಗಿಗೆ ಬೆಟ್ಟದ ಮೇಲಿಂದ ಹಾರಿದಳು ಎನ್ನುವುದು ಜನ, ಕಾದಂಬರಿಕಾರರು ಸೇರಿಸಿದ್ದು. ಕೆ.ವಿ. ಅಯ್ಯರ್ ಒಬ್ಬ ಶಾಂತಲೆಯನ್ನು ಬರೆದರು, ನಾಗರಾಜರಾಯರು ಇನ್ನೊಬ್ಬಳನ್ನು ಬರೆದರು. ಈ ಇಬ್ಬರು ಶಾಂತಲೆಯರಿಗೂ ರಾಣಿ ಶಾಂತಲೆಗೂ ಒಂದೇ ಪುಟ ಕೊಟ್ಟರೆ ಮೂವರೂ ಕಲಸಿಹೋಗುತ್ತಾರೆ. ರಾಣಿಗೊಂದು ಲೇಖನ, ಕಾದಂಬರಿಗಳಿಗೆ ಅವುಗಳದ್ದೇ ಲೇಖನ, ರಾಣಿಯ ಪುಟದ ಕೊನೆಯಲ್ಲಿ ‘ಸಾಹಿತ್ಯದಲ್ಲಿ ಶಾಂತಲೆ’ ಎಂಬ ಭಾಗ: ಹೀಗೆ ಬೇಲಿ ಹಾಕುವುದೇ ದಾರಿ.

ಈ ಬಗೆಯ ಬೇಲಿ ಹಾಕುವ ಕೆಲಸ ನಮಗೆ ಹೊಸದಲ್ಲ. ನಿಜಗುಣ ಶಿವಯೋಗಿಯ ‘ವಿವೇಕಚಿಂತಾಮಣಿ’ಯನ್ನು ಹಳೆಯ ಕನ್ನಡ ವಿಶ್ವಕೋಶವೆಂದೇ ಕರೆಯುತ್ತಾರೆ. ಬೆನಗಲ್ ರಾಮರಾವ್ ಮತ್ತು ಪಾನ್ಯಂ ಸುಂದರಶಾಸ್ತ್ರಿಗಳು ಸೇರಿ ಮಾಡಿದ ‘ಪುರಾಣನಾಮ ಚೂಡಾಮಣಿ’ಯಲ್ಲಿರುವುದು ಪಾತ್ರಗಳೇ, ಅಕಾರಾದಿಯಾಗಿ. ಅಲ್ಲಿ ಗಂಧರ್ವನಿಗೂ ಜಾಗವಿದೆ, ಶಾಪಗ್ರಸ್ತ ಆನೆಗೂ ಜಾಗವಿದೆ, ಗಮನಾರ್ಹತೆಯ ಪ್ರಶ್ನೆ ಎತ್ತುವವರಿಲ್ಲ. ಪುಸ್ತಕದ ಹೆಸರೇ ಇದು ಪುರಾಣ ಎಂದು ಮೊದಲೇ ಸಾರಿಬಿಟ್ಟಿದೆ, ಒಳಗೆ ಯಾರು ಬಂದರೂ ಗೊಂದಲವಿಲ್ಲ. ಶಿವರಾಮ ಕಾರಂತರು 1936ರಲ್ಲಿ ‘ಬಾಲಪ್ರಪಂಚ’ವನ್ನು ಒಬ್ಬರೇ ಬರೆದಾಗ ಏನು ಬೇಕು ಏನು ಬೇಡ ಎಂಬ ತೀರ್ಮಾನವೂ ಒಬ್ಬರದೇ ಆಗಿತ್ತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಬಂದು, ಒಟ್ಟು 14 ಸಂಪುಟಗಳಾಗಿ ಬೆಳೆಯಿತು. ಅಚ್ಚಿನ ಕೋಶದಲ್ಲಿ ಸಂಪಾದಕನ ಕತ್ತರಿಗೆ ಪುಟಗಳ ಮಿತಿಯೇ ಸಮರ್ಥನೆ. ಮಿತಿಯಿಲ್ಲದ ಕಡೆ ಸಮರ್ಥನೆಯನ್ನು ಬೇರೆ ಹುಡುಕಬೇಕಾಯಿತು, ಅದೇ ಗಮನಾರ್ಹತೆಯಾಯಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಇಂಥ ಮಾತುಕತೆಗೆ ಇರುವ ಜಾಗಕ್ಕೆ ಅರಳಿಕಟ್ಟೆ ಎಂದೇ ಹೆಸರು.

ಅಚ್ಚಿನ ಕೋಶಗಳೆಂದರೆ ಸುಳ್ಳಿಗೆ ಜಾಗವಿಲ್ಲದವು ಎಂಬ ಭ್ರಮೆ ಬೇಡ. 1975ರ ‘ನ್ಯೂ ಕೊಲಂಬಿಯಾ ಎನ್‌ಸೈಕ್ಲೊಪೀಡಿಯಾ’ದಲ್ಲಿ ಲಿಲಿಯನ್ ವರ್ಜಿನಿಯಾ ಮೌಂಟ್‌ವೀಸಲ್ ಎಂಬ ಛಾಯಾಗ್ರಾಹಕಿಯ ನಮೂದಿತ್ತು. ಕಾರಂಜಿಗಳ ವಿನ್ಯಾಸಕಿ, ಆಮೇಲೆ ಅಂಚೆಪೆಟ್ಟಿಗೆಗಳ ಫೋಟೊ ತೆಗೆದು ಹೆಸರು ಮಾಡಿದವಳು, ದಹನವಸ್ತುಗಳ ಪತ್ರಿಕೆಯೊಂದಕ್ಕೆ ಕೆಲಸ ಮಾಡುವಾಗ ಸ್ಫೋಟದಲ್ಲಿ ಸತ್ತವಳು. ಇಡೀ ಹೆಂಗಸನ್ನು ಸಂಪಾದಕರೇ ಹುಟ್ಟಿಸಿದ್ದರು, ನಕಲು ಹೊಡೆಯುವ ಬೇರೆ ಕೋಶದವರನ್ನು ಹಿಡಿಯಲು. ಗುಟ್ಟು ಹೊರಬಿದ್ದ ಮೇಲೆ ಅವಳ ಬಗ್ಗೆ ಎಷ್ಟು ಜನ ಬರೆದರೆಂದರೆ, ಈಗ ಕಲ್ಪಿತ ವ್ಯಕ್ತಿಯಾಗಿಯೇ ಅವಳಿಗೆ ನ್ಯಾಯವಾಗಿ ಪುಟ ಸಲ್ಲುತ್ತದೆ. ನಮ್ಮ ಜಕಣಾಚಾರಿಗೆ ಬೇಕಾದದ್ದೂ ಈ ಬಗೆಯ ಬಡ್ತಿ.

ಕಾದಂಬರಿಯ ಪಾತ್ರಗಳಿಗೆ ಬಂದರೆ, ಕನ್ನಡದಲ್ಲಿ ನಿಯಮಕ್ಕಿಂತ ಸೋಮಾರಿತನ ಹೆಚ್ಚು ಅಡ್ಡಬರುತ್ತದೆ. ‘ಸಂಸ್ಕಾರ’ದ ಪ್ರಾಣೇಶಾಚಾರ್ಯರನ್ನು ತೆಗೆದುಕೊಳ್ಳಿ. 1965ರ ಕಾದಂಬರಿ, 1970ರ ಸಿನಿಮಾದಲ್ಲಿ ಗಿರೀಶ ಕಾರ್ನಾಡರು ಆ ಪಾತ್ರ ಮಾಡಿದರು, ಎ.ಕೆ. ರಾಮಾನುಜನ್ ಇಂಗ್ಲಿಷಿಗೆ ತಂದರು, ವಿ.ಎಸ್. ನೈಪಾಲ್ ಭಾರತದ ಬಗ್ಗೆ ಬರೆದ ಪುಸ್ತಕದಲ್ಲಿ ಆಚಾರ್ಯರ ಮನಸ್ಸನ್ನು ಹಿಡಿದು ದೇಶದ ಬಗ್ಗೆಯೇ ತೀರ್ಪು ಕೊಟ್ಟರು. ಪಾತ್ರ ಕಥೆಯಿಂದ ಹೊರಗೆ ನಡೆಯುವುದೆಂದರೆ ಇದು. 1933ರ ‘ಚೋಮನ ದುಡಿ’ಯ ಚೋಮನೂ ಹಾಗೆಯೇ. 1975ರ ಸಿನಿಮಾದಲ್ಲಿ ಆ ಪಾತ್ರಕ್ಕಾಗಿ ಎಂ.ವಿ. ವಾಸುದೇವರಾಯರಿಗೆ ರಾಷ್ಟ್ರಪ್ರಶಸ್ತಿ ಬಂತು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ನಾಯಿಗುತ್ತಿಯ ಬಗ್ಗೆ ವಿಮರ್ಶಕರು ಬರೆದದ್ದು ಸಣ್ಣದಲ್ಲ. ಸಿ. ಬಸವಲಿಂಗಯ್ಯನವರು ಅದನ್ನು ರಾತ್ರಿಯಿಡೀ ನಡೆಯುವ ನಾಟಕವಾಗಿಸಿದ ಮೇಲೆ ಕಾದಂಬರಿ ಓದದವರಿಗೂ ಗುತ್ತಿ ಗೊತ್ತಾದ. ಅವನ ನಾಯಿ ಹುಲಿಯನಿಗೂ ಪುಟ ಬೇಕೆಂದು ವಾದಿಸುವವರು ಸಿಕ್ಕಾರು. ನನ್ನ ಮತ ಗುತ್ತಿಗೆ, ಹುಲಿಯ ಅವನ ಜೊತೆಯಲ್ಲೇ ಇರಲಿ.

ಈ ಸೀಮೆಗೆ ಹತ್ತಿರದ ಒಬ್ಬಳೆಂದರೆ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ದ ನಂಜಮ್ಮ. ಅವಳ ಪುಟ ಬರೆಯುವವರಿಗೆ ಒಂದು ಎಚ್ಚರ ಬೇಕು. ಲೇಖಕರ ತಾಯಿಯ ಬದುಕನ್ನು ಅವರ ಆತ್ಮಕಥೆ ‘ಭಿತ್ತಿ’ಯಲ್ಲಿ ಓದಿದವರು ಅಲ್ಲಿಯದನ್ನು ಇಲ್ಲಿಗೆ, ಇಲ್ಲಿಯದನ್ನು ಅಲ್ಲಿಗೆ ಸಾಗಿಸಿಬಿಡುವುದು ಸುಲಭ. ನಂಜಮ್ಮ ಪ್ಲೇಗಿನ ದಿನಗಳಲ್ಲಿ ಪಟ್ಟ ಪಾಡು ಕಾದಂಬರಿಯ ಸಂಗತಿ, ತಾಯಿಯ ಪಾಡು ಬೇರೆ. ಇದೂ ಜಕಣಾಚಾರಿಯ ಮೊದಲ ವಾಕ್ಯದ ತೊಡಕೇ, ತಿರುಗುಮುರುಗಾಗಿ.

ಕಷ್ಟ ಇರುವುದು ಎಲ್ಲಿ ಎಂದರೆ, ಇಂಥ ಪಾತ್ರಗಳ ಬಗ್ಗೆ ಬಂದ ಬರಹ ಹಳೆಯ ಸಾಹಿತ್ಯ ಪತ್ರಿಕೆಗಳಲ್ಲಿ, ಅಭಿನಂದನ ಗ್ರಂಥಗಳಲ್ಲಿ, ತಾಲ್ಲೂಕು ಗ್ರಂಥಾಲಯದ ಮೇಲಿನ ಹಲಗೆಯಲ್ಲಿದೆ. ಗೂಗಲ್‌ನಲ್ಲಿ ಹುಡುಕಿ, ಸಿಗಲಿಲ್ಲವೆಂದು ‘ಉಲ್ಲೇಖವಿಲ್ಲ’ ಎಂಬ ಪಟ್ಟಿ ಅಂಟಿಸುವುದು ನಿಯಮದ ಪಾಲನೆ ಅಲ್ಲ, ಹಲಗೆಯವರೆಗೆ ಕೈಚಾಚಲು ಬೇಸರ. ಮೂರನೆಯವರ ಬರಹ ಬೇಕು ಎನ್ನುವ ನಿಯಮ ಒಳ್ಳೆಯದೇ. ಅದು ಮುದ್ರಣ ಹೇರಳವಾಗಿರುವ, ಎಲ್ಲವೂ ಪರದೆಗೆ ಬಂದಿರುವ ಭಾಷೆಗಳಿಗೆ ಹೆಚ್ಚು ಒದಗುತ್ತದೆ ಎಂಬುದನ್ನು ಮರೆಯಬಾರದು.

ಇಷ್ಟೆಲ್ಲ ಆದ ಮೇಲೆ ಮಲ್ಲಿತಮ್ಮನ ಲೆಕ್ಕ ಬಾಕಿ ಇದೆ. ಗಮನಾರ್ಹತೆಯ ನಿಯಮದಲ್ಲಿ ಒಂದು ವಿಚಿತ್ರವಿದೆ. ಅದು ಇದ್ದವರಿಗಿಂತ ಹೇಳಿಸಿಕೊಂಡವರಿಗೆ ಒಲಿಯುತ್ತದೆ. ಮಲ್ಲಿತಮ್ಮನಿಗೆ ಹೆಂಡತಿಯನ್ನು ಬಿಟ್ಟುಬಂದ ಕಥೆಯಿಲ್ಲ, ಕಪ್ಪೆಯಿಲ್ಲ, ಪಣವಿಲ್ಲ. ಕಲಾ ಇತಿಹಾಸದ ಪುಸ್ತಕಗಳಲ್ಲಿ ಅವನು ಬರುವುದು ಬೇರೆ ಹೆಸರುಗಳ ಸಾಲಿನಲ್ಲಿ, ಅಲ್ಪವಿರಾಮಗಳ ನಡುವೆ. ಜಾವಗಲ್ಲಿನ ದೇಗುಲಕ್ಕೇ ಆ ಪಾಡು ಬಂದಿದೆ. 2023ರಲ್ಲಿ ಯುನೆಸ್ಕೊ ಹೊಯ್ಸಳರ ದೇಗುಲಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಆಯ್ಕೆಯಾದದ್ದು ಬೇಲೂರು, ಹಳೇಬೀಡು, ಸೋಮನಾಥಪುರ. ಹದಿಮೂರನೇ ಶತಮಾನದ ನಡುವಿನ ಜಾವಗಲ್ಲಿನ ಈ ತ್ರಿಕೂಟ ದೇಗುಲ, ಮುಂದೆ ಎದ್ದುನಿಂತ ನಂತರದ ಕಾಲದ ಗೋಪುರದ ಮರೆಯಲ್ಲಿ ಇದ್ದಲ್ಲೇ ಇದೆ. ಹಳೇಬೀಡಿನವರೆಗೆ ಬಂದ ಟೂರಿಸ್ಟ್ ಬಸ್ಸುಗಳು ಅಲ್ಲಿಂದಲೇ ತಿರುಗಿಕೊಳ್ಳುತ್ತವೆ.

ಇನ್ನೂ ಒಂದು ಸ್ವಾರಸ್ಯವಿದೆ. ಮಲ್ಲಿತಮ್ಮನ ಹೆಸರು ಮೊದಲು ಕಾಣುವುದು ತರೀಕೆರೆ ಬಳಿಯ ಅಮೃತಾಪುರದಲ್ಲಿ, 1196ರ ದೇಗುಲದಲ್ಲಿ. ಸೋಮನಾಥಪುರದ ಕೇಶವ ದೇವಾಲಯದಲ್ಲಿ ಅವನ ಸಹಿ ಎಲ್ಲರಿಗಿಂತ ಹೆಚ್ಚು ಮೂರ್ತಿಗಳ ಮೇಲಿದೆ, ಆ ದೇವಾಲಯದ ಕಾಲ 1258 ಅಥವಾ 1268 ಎನ್ನುತ್ತಾರೆ. ನಡುವೆ 1246ರ ನುಗ್ಗೇಹಳ್ಳಿ. ಅಮೃತಾಪುರದಲ್ಲಿ ಇಪ್ಪತ್ತರ ಹುಡುಗನಾಗಿದ್ದರೂ ಸೋಮನಾಥಪುರದ ಹೊತ್ತಿಗೆ ಎಂಬತ್ತು ದಾಟಿರಬೇಕು. ಏಣಿ ಹತ್ತಿ ಉಳಿ ಹಿಡಿಯುವ ವಯಸ್ಸಲ್ಲ ಅದು. ಹಾಗಾದರೆ ಮಲ್ಲಿತಮ್ಮ ಒಬ್ಬನೋ ಇಬ್ಬರೋ? ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಕಡೆಯ ರೂಢಿ ಅವನ ಮನೆಯಲ್ಲೂ ಇತ್ತೋ? ಹಿರಿಯನ ಹೆಸರನ್ನು ಅವನ ಬಳಗವೆಲ್ಲ ಸಹಿಯಾಗಿ ಬಳಸುತ್ತಿತ್ತೋ? ಜಕಣಾಚಾರಿಯ ಹೆಸರಿನಲ್ಲಿ ನೂರಾರು ಶಿಲ್ಪಿಗಳು ಸೇರಿಹೋದಂತೆ, ಸಹಿಯಿರುವ ಮಲ್ಲಿತಮ್ಮನ ಹೆಸರಿನಲ್ಲೂ ಒಂದಿಬ್ಬರು ಸೇರಿಕೊಂಡಿರಬಹುದು.

ಇಂಥ ಪ್ರಶ್ನೆಗಳಿರುವವನಿಗೆ ಒಂದು ಸಾಲು ಸಾಲದು. ಅವನ ಪುಟದಲ್ಲಿ ಹುಟ್ಟೂರು, ತಂದೆತಾಯಿ, ಮರಣ ಎಂಬ ಖಾನೆಗಳು ಖಾಲಿ ಇರಲಿ, ಅದರಿಂದ ನಷ್ಟವಿಲ್ಲ. ಅಮೃತಾಪುರ, ನುಗ್ಗೇಹಳ್ಳಿ, ಜಾವಗಲ್, ಸೋಮನಾಥಪುರ ಎಂದು ಊರಿನ ಪಟ್ಟಿ, ಪ್ರತಿ ಊರಿನಲ್ಲೂ ಸಹಿಯಿರುವ ಮೂರ್ತಿ ಯಾವ ಗೋಡೆಯದು, ಎಡದಿಂದ ಎಷ್ಟನೆಯದು, ಅಕ್ಷರ ಹೇಗಿದೆ, ಯಾವ ವಿದ್ವಾಂಸರು ಯಾವ ವರ್ಷ ಓದಿದರು, ಎರಡು ಊರಿನ ಸಹಿಗಳ ಬರವಣಿಗೆ ಒಂದೇ ಕೈಯದೆಂದು ಕಾಣುತ್ತದೆಯೇ ಎಂಬ ಚರ್ಚೆ. ಓದಿನ ಕೆಲಸದ ಬಹುಪಾಲನ್ನು ನರಸಿಂಹಾಚಾರ್ ಮತ್ತು ಶೆಟ್ಟರ್ ಅವರಂಥವರು ಮುಗಿಸಿ ಅಚ್ಚು ಹಾಕಿಸಿಯೂ ಆಗಿದೆ. ಉಳಿದಿರುವುದು ಒಂದು ಕ್ಯಾಮೆರಾ ಹಿಡಿದು ಜಾವಗಲ್ಲಿಗೆ ಹೋಗಿ, ಮೂರ್ತಿಗಳ ಮುಖದ ಬದಲು ಪೀಠಗಳ ಫೋಟೊ ತೆಗೆಯುವ ಕೆಲಸ.